ಮಧ್ಯದಲ್ಲಿ ಇಣುಕಿ ನೋಡಿದರೆ ಮೋಸವೇ?

ಪ್ರಶ್ನೆ: ನಾನು ಹಾಸನದ ಕಡೆ ಒಂದು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೊಸ ಔಷಧದ ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದ್ದಾರೆ. ಒಪ್ಪಿಗೆ ಪತ್ರದಲ್ಲಿ ಇದು 'ಅಡಾಪ್ಟಿವ್ ಡಿಸೈನ್' ಅಂತಿದೆ. ಮಧ್ಯದಲ್ಲಿ ಫಲಿತಾಂಶ ನೋಡಿ ಕೆಲವು ಔಷಧ ಕೈಬಿಡಬಹುದು, ಹೊಸದು ಸೇರಿಸಬಹುದು, ಎಷ್ಟು ಜನರಿಗೆ ಯಾವ ಔಷಧ ಅನ್ನುವುದನ್ನೂ ಬದಲಿಸಬಹುದು ಎಂದು ಬರೆದಿದ್ದಾರೆ. ಡೇಟಾ ನೋಡಿದ ಮೇಲೆ ಯೋಜನೆ ಬದಲಿಸಬಾರದು ಅಂತ ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಇದು ಆಟದ ಮಧ್ಯೆ ನಿಯಮ ಬದಲಿಸಿದ ಹಾಗಲ್ವಾ? ಅತ್ತಿಗೆ ಸೇರಬಹುದಾ?

ಉತ್ತರ: ಮೇಷ್ಟ್ರೇ, ಮೊದಲಿಗೆ ನಿಮ್ಮ ಅತ್ತಿಗೆಯವರು ಬೇಗ ಗುಣವಾಗಲಿ. ಅವರು ಸೇರಬೇಕೋ ಬೇಡವೋ ಅನ್ನುವುದನ್ನು ಅವರ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ನಾನು ಡಾಕ್ಟರಲ್ಲ, ಟ್ರಯಲ್‌ಗಳ ಲೆಕ್ಕ ನೋಡುವವನು. ಆದರೆ ಆ ಫಾರ್ಮ್ ಓದುವಾಗ ಯಾವ ಸಾಲಿನ ಮೇಲೆ ಬೆರಳಿಡಬೇಕು ಅಂತ ಹೇಳಬಲ್ಲೆ.

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒಂದು ಕಡೆ ಮಾತ್ರ ಜಾರಿದೆ. ಒನ್‌ಡೇ ಮ್ಯಾಚ್‌ನಲ್ಲಿ ಮಳೆ ಬಂತು ಅಂದುಕೊಳ್ಳಿ. ಓವರ್ ಕಡಿಮೆಯಾಗುತ್ತದೆ, ಟಾರ್ಗೆಟ್ ಬದಲಾಗುತ್ತದೆ. ಬೈಕೊಳ್ಳುತ್ತೇವೆ, ಆದರೆ ಮೋಸ ಅನ್ನುವುದಿಲ್ಲ. ಯಾಕೆ? ಡಕ್‌ವರ್ತ್-ಲೂಯಿಸ್ ಲೆಕ್ಕ ಟಾಸ್‌ಗೆ ಮುಂಚೆಯೇ ಇತ್ತು. ಆ ಲೆಕ್ಕ ಹಾಕುವವರು ಎರಡೂ ತಂಡದ ಕ್ಯಾಪ್ಟನ್ ಅಲ್ಲ. ಅಡಾಪ್ಟಿವ್ ಟ್ರಯಲ್ ಕೂಡ ಹೀಗೇ. ಏನಾದರೆ ಏನು ಮಾಡಬೇಕು ಅನ್ನುವುದು ಮೊದಲ ರೋಗಿ ಸೇರುವ ಮುಂಚೆ ಪ್ರೋಟೋಕಾಲ್‌ನಲ್ಲಿ, ಅಂದರೆ ಟ್ರಯಲ್‌ನ ಲಿಖಿತ ಯೋಜನೆಯಲ್ಲಿ, ಇರಬೇಕು. ನಿಯಮ ಬದಲಾಗುವುದಿಲ್ಲ, 'ಹೀಗಾದರೆ ಹೀಗೆ' ಅನ್ನುವುದೇ ನಿಯಮ. ಹಾಗೆ ಬರೆದಿಟ್ಟಿಲ್ಲದೆ ಮಧ್ಯದಲ್ಲಿ ಡೇಟಾ ನೋಡಿ ಏನೋ ಒಂದು ಬದಲಿಸಿದರೆ, ಅದು ನೀವು ಹೇಳಿದ ಮೋಸವೇ. ಅದಕ್ಕೆ 'ಅಡಾಪ್ಟಿವ್' ಅನ್ನುವ ಹೆಸರು ಕೊಟ್ಟ ಮಾತ್ರಕ್ಕೆ ಶುದ್ಧವಾಗುವುದಿಲ್ಲ.

ಇಷ್ಟೇ ಆಗಿದ್ದರೆ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊದಲೇ ಬರೆದಿಟ್ಟರೂ ಇಣುಕಿ ನೋಡಿದ್ದಕ್ಕೆ ಒಂದು ಬೆಲೆ ಇದೆ. ಅದನ್ನು ನಿಮ್ಮ ಕ್ಲಾಸಿನಲ್ಲೇ ತೋರಿಸಬಹುದು.

50 ಮಕ್ಕಳಿಗೆ ಒಂದೊಂದು ನಾಣ್ಯ ಕೊಡಿ. ಎಲ್ಲ ಸರಿಯಾದ ನಾಣ್ಯ, ಯಾವ ಮೋಸವೂ ಇಲ್ಲ. ಒಬ್ಬೊಬ್ಬರೂ 100 ಸಲ ಚಿಮ್ಮಲಿ. ಕೊನೆಯಲ್ಲಿ ಮಾತ್ರ ಎಣಿಸಿ, 5% ಮಟ್ಟದಲ್ಲಿ, ಅಂದರೆ ಸರಿಯಾದ ನಾಣ್ಯವನ್ನು ನೂರಕ್ಕೆ ಐದು ಸಲ ತಪ್ಪಾಗಿ ದೂರಬಹುದು ಅನ್ನುವ ಗೆರೆಯಿಟ್ಟು, ಪರೀಕ್ಷೆ ಮಾಡಿದರೆ, ಎರಡೋ ಮೂರೋ ಮಕ್ಕಳು 'ನನ್ನ ನಾಣ್ಯ ಸರಿಯಿಲ್ಲ ಸಾರ್' ಅಂತ ಕೈ ಎತ್ತುತ್ತಾರೆ. ಆ ತಪ್ಪು ನಮಗೆ ಒಪ್ಪಿಗೆ. ಈಗ ಇನ್ನೊಂದು ಸಲ ಆಡಿಸಿ. ಈ ಸಲ 20, 40, 60, 80, 100ನೇ ಚಿಮ್ಮುವಿಕೆಯಲ್ಲಿ, ಹೀಗೆ ಐದು ಸಲ ಎಣಿಸಲಿ. ಯಾವ ಹಂತದಲ್ಲಾದರೂ 5% ಗೆರೆ ದಾಟಿದರೆ ಅಲ್ಲೇ ನಿಲ್ಲಿಸಿ ಕೈ ಎತ್ತಲಿ. 20ಕ್ಕೆ 15 ತಲೆ ಬಿದ್ದವನು ಅಲ್ಲೇ ಎದ್ದು ನಿಲ್ಲುತ್ತಾನೆ. ಸುಮ್ನೆ ಬಿಟ್ಟಿದ್ದರೆ 100 ಆಗುವಷ್ಟರಲ್ಲಿ ಅವನ ನಾಣ್ಯ ಬಹುಶಃ ಸರಿದಾರಿಗೆ ಬರುತ್ತಿತ್ತು. ಕೈ ಎತ್ತುವವರು ಈಗ ಸುಮಾರು 7 ಜನ. ಐದು ಸಲ ನೋಡಿದ್ದಕ್ಕೆ 5% ತಪ್ಪು 14% ಆಗಿಬಿಟ್ಟಿತು. ಹತ್ತು ಸಲ ನೋಡಿದರೆ 19%. ಆರ್ಮಿಟೇಜ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಮತ್ತು ಸಂಗಡಿಗರು ಈ ಪಟ್ಟಿಯನ್ನು 1969ರಲ್ಲೇ ಲೆಕ್ಕ ಹಾಕಿ ಕೊಟ್ಟರು.

ಅನ್ನ ಬೆಂದಿದೆಯಾ ಅಂತ ನೋಡುವುದಕ್ಕೆ ಒಂದು ಅಗುಳು ಸಾಕು ಅನ್ನುತ್ತಾರಲ್ಲ, ಟ್ರಯಲ್‌ನಲ್ಲಿ ಆ ಮಾತು ನಡೆಯುವುದಿಲ್ಲ. ಇಲ್ಲಿ ಒಂದೊಂದು ಅಗುಳೂ ಒಂದೊಂದು ಥರ ಬೇಯುತ್ತದೆ. ಮುಚ್ಚಳ ತೆಗೆದಷ್ಟೂ 'ಬೆಂದಿದೆ' ಅಂತ ಮೋಸಹೋಗುವ ಸಾಧ್ಯತೆ ಜಾಸ್ತಿ.

ಹಾಗಾದರೆ ಮುಚ್ಚಳ ತೆಗೆಯಲೇಬಾರದಾ? ತೆಗೆಯಬಹುದು, ಪ್ರತಿ ಸಲಕ್ಕೂ ಕಾಸು ಕೊಟ್ಟು. ನಿಮ್ಮ ಕೈಯಲ್ಲಿ ಒಟ್ಟು 5% ತಪ್ಪಿನ ಖರ್ಚಿಗೆ ಅವಕಾಶ ಇದೆ. ಅದನ್ನು ಹೇಗೆ ಹಂಚುತ್ತೀರಿ ಅನ್ನುವುದು ಪ್ರಶ್ನೆ. ಪೊಕಾಕ್ 1977ರಲ್ಲಿ ಹೇಳಿದ್ದು ಸಮಪಾಲು: ಐದು ಸಲ ನೋಡುವುದಾದರೆ ಪ್ರತಿ ಸಲವೂ ಪಿ-ವ್ಯಾಲ್ಯೂ (ಔಷಧಕ್ಕೆ ಯಾವ ಪರಿಣಾಮವೂ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) 0.05 ಅಲ್ಲ, ಸುಮಾರು 0.016ಕ್ಕಿಂತ ಕೆಳಗಿರಬೇಕು. 1979ರಲ್ಲಿ ಓಬ್ರಿಯನ್ ಮತ್ತು ಫ್ಲೆಮಿಂಗ್ ಇನ್ನೊಂದು ದಾರಿ ತೋರಿಸಿದರು. ಶುರುವಿನಲ್ಲಿ ಭಾರಿ ಜಿಪುಣತನ, ಕೊನೆಗೆ ಕೈ ಬಿಚ್ಚಿ ಖರ್ಚು. ಮೊದಲ ನೋಟದಲ್ಲಿ ಪವಾಡವೇ ಆಗಬೇಕು, ಇಲ್ಲದಿದ್ದರೆ ನಿಲ್ಲಿಸುವಂತಿಲ್ಲ. ನನಗೆ ಇಷ್ಟವಾಗುವುದು ಈ ಎರಡನೆಯದು. ಚಿಕ್ಕ ಡೇಟಾ ನೋಡಿ ಹಿಗ್ಗುವ ಮನುಷ್ಯನ ಚಾಳಿಗೆ ಇದೇ ಸರಿಯಾದ ಲಗಾಮು. 1983ರಲ್ಲಿ ಲ್ಯಾನ್ ಮತ್ತು ಡಿಮೆಟ್ಸ್ ಇದನ್ನು ಇನ್ನಷ್ಟು ಸಡಿಲ ಮಾಡಿದರು. ಯಾವಾಗ, ಎಷ್ಟು ಸಲ ನೋಡುತ್ತೀರಿ ಅಂತ ಮೊದಲೇ ತಾರೀಕು ಹೇಳಬೇಕಾಗಿಲ್ಲ. ಖರ್ಚಿನ ಸೂತ್ರ ಮಾತ್ರ ಮೊದಲೇ ಹೇಳಿ, ಸಾಕು.

ಈ ಲಗಾಮು ಕೆಲಸ ಮಾಡಿದ್ದನ್ನು ನೋಡಬೇಕಾದರೆ ಅಮೆರಿಕದ ಬೀಟಾ-ಬ್ಲಾಕರ್ ಹಾರ್ಟ್ ಅಟ್ಯಾಕ್ ಟ್ರಯಲ್ ಕಡೆ ಹೋಗಬೇಕು. ಹೃದಯಾಘಾತ ಆದವರಿಗೆ ಪ್ರೊಪ್ರನೊಲಾಲ್ ಅನ್ನುವ ಬೀಟಾ-ಬ್ಲಾಕರ್ ಔಷಧ ಕೊಟ್ಟರೆ ಸಾವು ಕಡಿಮೆಯಾಗುತ್ತದಾ ಅನ್ನುವುದು ಪ್ರಶ್ನೆ. 3837 ರೋಗಿಗಳು. ಏಳು ಸಲ ಮುಚ್ಚಳ ತೆಗೆಯುವ ಯೋಜನೆ. 1979ರ ಅಕ್ಟೋಬರ್‌ನಲ್ಲಿ ಎರಡನೇ ನೋಟ. ಝೆಡ್ ಬೆಲೆ, ಅಂದರೆ ಎರಡು ಗುಂಪಿನ ವ್ಯತ್ಯಾಸ ಅದೃಷ್ಟದ ಏರಿಳಿತಕ್ಕಿಂತ ಎಷ್ಟು ಪಟ್ಟು ದೊಡ್ಡದು ಅನ್ನುವ ಅಳತೆ, 2.24. ನಿಮ್ಮ ಪಠ್ಯಪುಸ್ತಕದ 5% ಗೆರೆ 1.96, ಅದನ್ನು ದಾಟಿಯೇ ಬಿಟ್ಟಿದೆ! ಆದರೆ ಸಮಿತಿಯ ಮುಂದಿದ್ದ ಓಬ್ರಿಯನ್-ಫ್ಲೆಮಿಂಗ್ ಗೆರೆ 3.86ರಲ್ಲಿತ್ತು. ಮುಂದುವರಿಸಿದರು. ಮೂರನೇ ನೋಟ 2.37, ಆಮೇಲೆ 2.30, 2.34. ಗೆರೆ ಕೆಳಗಿಳಿಯುತ್ತಿತ್ತು, ಅಂಕಿ ಅಲ್ಲೇ ಕುಂಟುತ್ತಿತ್ತು. 1981ರ ಅಕ್ಟೋಬರ್‌ನಲ್ಲಿ ಆರನೇ ನೋಟ: ಗೆರೆ 2.23, ಅಂಕಿ 2.82. ನಿಲ್ಲಿಸಿದರು, ನಿಗದಿಯಾಗಿದ್ದ ದಿನಕ್ಕಿಂತ ಒಂಬತ್ತು ತಿಂಗಳು ಮೊದಲು. ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿನಲ್ಲಿ 9.8% ಜನ ತೀರಿಕೊಂಡಿದ್ದರು, ಔಷಧದ ಗುಂಪಿನಲ್ಲಿ 7.2%.

ಆ ಎರಡು ವರ್ಷ ಸಮಿತಿಯಲ್ಲಿ ಕೂತವರ ಮನಸ್ಸು ಹೇಗಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಣ್ಣ ಮುಂದೆ 2.24 ಇದೆ, ಹೊರಗೆ ರೋಗಿಗಳು ಪ್ಲಸೀಬೊ ನುಂಗುತ್ತಿದ್ದಾರೆ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದರೆ ವೈದ್ಯರು ನಂಬುತ್ತಿದ್ದರಾ? ಅದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಮುಂದೆ ಬರುವ ಮಕ್ಕಳ ಕಥೆಯಲ್ಲಿದೆ.

ಅದಕ್ಕೆ ಮೊದಲು ಒಂದು ಸಣ್ಣ ಅಡ್ಡದಾರಿ. ಡೇಟಾ ಬರುತ್ತಾ ಬರುತ್ತಾ ತೀರ್ಮಾನಿಸುವ ಈ ಲೆಕ್ಕದ ಮೂಲಪುರುಷ ಅಬ್ರಹಾಂ ವಾಲ್ಡ್. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಪರೀಕ್ಷಿಸುವಾಗ, 'ಫಲಿತಾಂಶ ಮೊದಲೇ ಸ್ಪಷ್ಟವಾದರೂ ಯಾಕೆ ಕೊನೆಯ ಗುಂಡಿನ ತನಕ ಸುಡಬೇಕು?' ಅನ್ನುವ ಪ್ರಶ್ನೆಯಿಂದ ಇದು ಹುಟ್ಟಿತು. ತನಗಿಂತ ಮೊದಲು ಹಂತ ಹಂತವಾಗಿ ಮಾದರಿ ತೆಗೆದವರು ಅಂತ ವಾಲ್ಡ್ ನೆನೆಯುವುದು ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಯನ್ನು. 1950ರ ಡಿಸೆಂಬರ್‌ನಲ್ಲಿ ವಾಲ್ಡ್ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದರು. ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ನೋಡಿಯಾಗಿತ್ತು. ಜನವರಿಯಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್‌ಗೆ ಬರಬೇಕಿತ್ತು. ಅವರೂ ಅವರ ಹೆಂಡತಿಯೂ ಇದ್ದ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ಇಬ್ಬರೂ ತೀರಿಹೋದರು. ಇವತ್ತು ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಹುಡುಗರು ದಿನವಿಡೀ ಇದೇ ಲೆಕ್ಕದ ಕೋಡ್ ಬರೆಯುತ್ತಿರುತ್ತಾರೆ. ಕೇಳಿದರೆ ಈ ಹೆಸರು ಗೊತ್ತಿರುವವರು ಕಮ್ಮಿ.

ಈಗ ಮಕ್ಕಳ ಕಥೆ. ನಿಮ್ಮ ಫಾರ್ಮ್‌ನಲ್ಲಿ 'ಎಷ್ಟು ಜನರಿಗೆ ಯಾವ ಔಷಧ ಅನ್ನುವುದನ್ನೂ ಬದಲಿಸಬಹುದು' ಅಂತಿದೆಯಲ್ಲ, ಆ ಸಾಲಿಗೆ ಇದು ಸಂಬಂಧಿಸಿದ್ದು.

ಹುಟ್ಟಿದ ಕೂಡಲೇ ಶ್ವಾಸಕೋಶ ಕೆಲಸ ಮಾಡದ ಹಸುಗೂಸುಗಳಿಗೆ ಎಕ್ಮೊ ಅನ್ನುವ ಯಂತ್ರ ಇದೆ. ಕೋವಿಡ್ ಕಾಲದಲ್ಲಿ ಈ ಹೆಸರು ನಮ್ಮಲ್ಲೂ ಮನೆಮಾತಾಯಿತು. ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಒಳಗೆ ಬಿಡುವ ಯಂತ್ರ. 80ರ ದಶಕದ ಶುರುವಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬಾರ್ಟ್‌ಲೆಟ್ ಅವರ ತಂಡಕ್ಕೆ ಇದು ಕೆಲಸ ಮಾಡುತ್ತದೆ ಅಂತ ಬಲವಾದ ನಂಬಿಕೆ ಇತ್ತು. ಅರ್ಧ ಮಕ್ಕಳಿಗೆ ಕೊಡದೇ ಇರುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೆ ವೇ ಮತ್ತು ಡರ್ಹಮ್ 1978ರಲ್ಲಿ ಹೇಳಿದ್ದ 'ಗೆದ್ದವನ ಕಡೆ ವಾಲು' ಥರದ ವಿಧಾನ ಹಿಡಿದರು.

ಒಂದು ಮಡಕೆ ಕಲ್ಪಿಸಿಕೊಳ್ಳಿ. ಅದರಲ್ಲಿ ಎಕ್ಮೊದ್ದು ಒಂದು ಚೆಂಡು, ಹಳೆ ಚಿಕಿತ್ಸೆಯದ್ದು ಒಂದು ಚೆಂಡು. ಮಗು ಬಂದಾಗ ಕಣ್ಣು ಮುಚ್ಚಿ ಒಂದು ಚೆಂಡು ಎತ್ತಿ, ನೋಡಿ, ವಾಪಸ್ ಹಾಕಬೇಕು. ಮಗು ಬದುಕಿದರೆ ಅದೇ ಚಿಕಿತ್ಸೆಯ ಇನ್ನೊಂದು ಚೆಂಡು ಮಡಕೆಗೆ. ಸತ್ತರೆ ಎದುರು ಚಿಕಿತ್ಸೆಯ ಚೆಂಡು. ಮೊದಲ ಮಗುವಿಗೆ ಎಕ್ಮೊ ಬಂತು, ಬದುಕಿತು. ಮಡಕೆಯಲ್ಲಿ ಈಗ 2 ಎಕ್ಮೊ, 1 ಹಳೆಯದು. ಎರಡನೇ ಮಗುವಿಗೆ ಹಳೇ ಚಿಕಿತ್ಸೆ ಬಂತು. ಮಗು ತೀರಿಕೊಂಡಿತು. ಈಗ 3ಕ್ಕೆ 1. ಅಲ್ಲಿಂದ ಮುಂದೆ ಎತ್ತಿದ್ದೆಲ್ಲ ಎಕ್ಮೊ ಚೆಂಡೇ. ಒಂದರ ಮೇಲೊಂದು ಮಕ್ಕಳು ಬದುಕುತ್ತಾ ಹೋದವು. ಕೊನೆಗೆ ಲೆಕ್ಕ: ಎಕ್ಮೊದಲ್ಲಿ 11 ಮಕ್ಕಳು, 11ಕ್ಕೆ 11 ಬದುಕಿದವು. ಹಳೇ ಚಿಕಿತ್ಸೆಯಲ್ಲಿ ಒಂದೇ ಒಂದು ಮಗು, ಅದು ಸತ್ತಿತ್ತು. 1985ರಲ್ಲಿ ಪ್ರಕಟವಾಯಿತು.

ಲೆಕ್ಕದ ಪುಸ್ತಕದಲ್ಲಿ ಇದು ಗೆಲುವು. ಹನ್ನೆರಡರಲ್ಲಿ ಒಂದೇ ಮಗುವಿಗೆ ಕೆಟ್ಟ ಚಿಕಿತ್ಸೆ ಸಿಕ್ಕಿತು, ಅಡಾಪ್ಟಿವ್ ವಿಧಾನ ಏನು ಮಾಡಬೇಕಿತ್ತೋ ಅದನ್ನೇ ಮಾಡಿತು. ಆದರೆ ಯಾರೂ ನಂಬಲಿಲ್ಲ! ಹೋಲಿಸುವುದಕ್ಕೆ ಇರುವುದು ಒಂದು ಮಗು ಮಾತ್ರ. ಆ ಒಂದು ಮಗು ಹೇಗೂ ಉಳಿಯುತ್ತಿರಲಿಲ್ಲವೇನೋ, ಯಾರಿಗೆ ಗೊತ್ತು? ಜಗಳ ವರ್ಷಗಟ್ಟಲೆ ನಡೆಯಿತು. ಹಾರ್ವರ್ಡ್‌ನವರು ಇನ್ನೊಂದು ಟ್ರಯಲ್ ಮಾಡಿದರು. ಕೊನೆಗೆ ಬ್ರಿಟನ್‌ನಲ್ಲಿ 185 ಹಸುಗೂಸುಗಳನ್ನು ಸಮಸಮ ಹಂಚಿ ನೋಡಿದರು. 1996ರಲ್ಲಿ ಬಂದ ಉತ್ತರ: ಎಕ್ಮೊ ಗುಂಪಿನ 93 ಮಕ್ಕಳಲ್ಲಿ 30 ಸಾವು, ಹಳೇ ಚಿಕಿತ್ಸೆಯ 92ರಲ್ಲಿ 54 ಸಾವು. ಬಾರ್ಟ್‌ಲೆಟ್ ತಂಡ ಹೇಳಿದ್ದೇ ಸರಿ ಅಂತಾಯಿತು.

ಈಗ ಹೇಳಿ ಮೇಷ್ಟ್ರೇ, ಆ 54 ಮಕ್ಕಳ ಸಾವು ಯಾರ ಲೆಕ್ಕಕ್ಕೆ? ಮೊದಲ ಟ್ರಯಲ್ ಇನ್ನೊಂದಿಷ್ಟು ಸಮತೋಲನದಲ್ಲಿ ಇದ್ದಿದ್ದರೆ, ಹತ್ತಿಪ್ಪತ್ತು ಮಕ್ಕಳು ಹಳೇ ಚಿಕಿತ್ಸೆಯಲ್ಲಿ ಇದ್ದಿದ್ದರೆ, ಜಗತ್ತು ಹತ್ತು ವರ್ಷ ಮೊದಲೇ ನಂಬುತ್ತಿತ್ತೇನೋ. ಟ್ರಯಲ್ ಒಳಗಿನ ಮಕ್ಕಳಿಗೆ ತೋರಿದ ಕರುಣೆ ಹೊರಗಿನ ಮಕ್ಕಳಿಗೆ ದುಬಾರಿಯಾಯಿತು. ಈ ಕಾರಣಕ್ಕೇ ಈಗ ಇಷ್ಟು ಬೇಗ, ಇಷ್ಟು ಜೋರಾಗಿ ಒಂದೇ ಕಡೆ ವಾಲುವ ಟ್ರಯಲ್ ಕಮ್ಮಿ. ವಾಲಿದರೂ ಹೋಲಿಕೆಯ ಗುಂಪಿಗೆ ಒಂದಿಷ್ಟು ಪಾಲು ಕಾಯ್ದಿಡುತ್ತಾರೆ.

ನಿಮ್ಮ ಅತ್ತಿಗೆಯವರ ಕಾಯಿಲೆಗೆ ನೇರ ಸಂಬಂಧಿಸಿದ ಟ್ರಯಲ್ ಅಂದರೆ ಅಮೆರಿಕದ ಐ-ಸ್ಪೈ 2. 2010ರಲ್ಲಿ ಶುರುವಾಯಿತು. ಲಾರಾ ಎಸ್ಸರ್‌ಮನ್ ಅನ್ನುವ ಸರ್ಜನ್ ಮತ್ತು ಡಾನ್ ಬೆರಿ ಅನ್ನುವ ಸಂಖ್ಯಾಶಾಸ್ತ್ರಜ್ಞ ಇದರ ಹಿಂದಿನವರು. ಆಪರೇಷನ್‌ಗೆ ಮೊದಲು ಔಷಧ ಕೊಡುತ್ತಾರೆ, ಆಪರೇಷನ್ ಹೊತ್ತಿಗೆ ಗಡ್ಡೆ ಪೂರ್ತಿ ಮಾಯವಾಗಿದೆಯಾ ನೋಡುತ್ತಾರೆ. ಉತ್ತರ ತಿಂಗಳುಗಳಲ್ಲಿ ಸಿಗುತ್ತದೆ, ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಅಡಾಪ್ಟಿವ್ ವಿಧಾನಕ್ಕೆ ಇದೇ ಬೇಕು. ಐದು ವರ್ಷದ ಮೇಲೆ ಗೊತ್ತಾಗುವ ಫಲಿತಾಂಶ ಇಟ್ಟುಕೊಂಡು ಮಧ್ಯದಲ್ಲಿ ಏನನ್ನು ಹೊಂದಿಸುತ್ತೀರಿ? ಅಷ್ಟರಲ್ಲಿ ಎಲ್ಲ ರೋಗಿಗಳೂ ಸೇರಿ ಆಗಿರುತ್ತದೆ.

ಐ-ಸ್ಪೈ 2ರಲ್ಲಿ ಗಡ್ಡೆಯ ಗುಣ ನೋಡಿ ಎಂಟು ವಿಧ ಮಾಡಿದ್ದರು. ಯಾವ ವಿಧಕ್ಕೆ ಯಾವ ಔಷಧ ಚೆನ್ನಾಗಿ ಹಿಡಿಯುತ್ತಿತ್ತೋ, ಮುಂದೆ ಬರುವ ಅದೇ ವಿಧದ ರೋಗಿಗೆ ಅದು ಸಿಗುವ ಸಾಧ್ಯತೆ ಹೆಚ್ಚಿಸುತ್ತಾ ಹೋಗುತ್ತಿದ್ದರು. ಒಂದು ಔಷಧ ಮುಂದೆ 300 ಜನರ ದೊಡ್ಡ ಟ್ರಯಲ್‌ನಲ್ಲಿ ಗೆಲ್ಲುವ ಸಾಧ್ಯತೆ 85% ಮುಟ್ಟಿದರೆ ಅದು 'ಪಾಸ್'. ತೀರಾ ಕೆಳಗಿಳಿದರೆ ಮನೆಗೆ. ಒಂದು ಔಷಧಕ್ಕೆ ಹೆಚ್ಚೆಂದರೆ 120 ರೋಗಿಗಳು.

ಮೊದಮೊದಲು ಪಾಸಾದವುಗಳಲ್ಲಿ ಒಂದು ಜೋಡಿ ವೆಲಿಪರಿಬ್ ಮತ್ತು ಕಾರ್ಬೋಪ್ಲಾಟಿನ್. ಟ್ರಿಪಲ್ ನೆಗೆಟಿವ್ ಅನ್ನುವ ವಿಧದ ಗಡ್ಡೆ ಪೂರ್ತಿ ಮಾಯವಾಗುವ ಪ್ರಮಾಣ ಸುಮಾರು 26%ನಿಂದ 51%ಗೆ ಏರಿತು ಅನ್ನುವ ಅಂದಾಜು. ಭರ್ಜರಿ ಅಲ್ವಾ? ಆಮೇಲೆ ಬ್ರೈಟ್‌ನೆಸ್ ಅನ್ನುವ ದೊಡ್ಡ ಟ್ರಯಲ್ ಮಾಡಿದರು, 634 ಜನ, ಮೂರು ಗುಂಪು. ಎರಡೂ ಔಷಧ ಸೇರಿಸಿದ ಗುಂಪಿನಲ್ಲಿ 53%. ಎರಡೂ ಇಲ್ಲದೆ ಮಾಮೂಲಿ ಕೀಮೋ ತೆಗೆದುಕೊಂಡವರಲ್ಲಿ 31%. ಬರೀ ಕಾರ್ಬೋಪ್ಲಾಟಿನ್ ಸೇರಿಸಿದ ಗುಂಪಿನಲ್ಲಿ? 58%. ಅಂದರೆ ಹೊಸ ಔಷಧ ವೆಲಿಪರಿಬ್‌ನದ್ದು ಇಲ್ಲಿ ಏನೂ ಇರಲಿಲ್ಲ. ಕೆಲಸ ಎಲ್ಲ ಮಾಡಿದ್ದು ಹಳೇ, ಅಗ್ಗದ ಕಾರ್ಬೋಪ್ಲಾಟಿನ್. ಐ-ಸ್ಪೈ 2 ತಪ್ಪು ಹೇಳಲಿಲ್ಲ. ಜೋಡಿ ಗೆಲ್ಲುತ್ತದೆ ಅಂದಿತು, ಜೋಡಿ ಗೆದ್ದಿತು. ಜೋಡಿಯಲ್ಲಿ ದುಡಿಯುವ ಎತ್ತು ಯಾವುದು ಅಂತ ಅದನ್ನು ಯಾರೂ ಕೇಳಿರಲಿಲ್ಲ. ಹೊಂದಿಕೊಳ್ಳುವ ಜಾಣತನ ಎಷ್ಟಿದ್ದರೂ ಕೇಳದ ಪ್ರಶ್ನೆಗೆ ಟ್ರಯಲ್ ಉತ್ತರ ಕೊಡುವುದಿಲ್ಲ.

ಔಷಧ ಕೈಬಿಡುವುದು, ಹೊಸದು ಸೇರಿಸುವುದು, ಇದಕ್ಕೆ ಅತಿ ಒಳ್ಳೆಯ ಉದಾಹರಣೆ ನೀವು ಆಗಲೇ ಬಲ್ಲಿರಿ, ಹೆಸರು ಗೊತ್ತಿರಲಿಕ್ಕಿಲ್ಲ. ಬ್ರಿಟನ್‌ನ ರಿಕವರಿ ಟ್ರಯಲ್. 2020ರ ಮಾರ್ಚ್‌ನಲ್ಲಿ ಶುರು. ಒಂದೇ ಟ್ರಯಲ್, ಒಂದೇ ಹೋಲಿಕೆಯ ಗುಂಪು, ಹಲವು ಔಷಧಗಳು ಪಕ್ಕಪಕ್ಕದಲ್ಲಿ. ಜೂನ್ ಮೊದಲ ವಾರ ಹೈಡ್ರಾಕ್ಸಿಕ್ಲೋರೋಕ್ವಿನ್ ಕೈಬಿಟ್ಟರು. ನಮ್ಮಲ್ಲಿ ಜನ ಮೆಡಿಕಲ್ ಸ್ಟೋರ್ ಮುಂದೆ ಸಾಲು ನಿಂತು ತಂದಿಟ್ಟುಕೊಂಡಿದ್ದ ಮಾತ್ರೆ ಅದು. ತೆಗೆದುಕೊಂಡ 1561 ಜನರಲ್ಲಿ 27% ಸಾವು, ತೆಗೆದುಕೊಳ್ಳದ 3155 ಜನರಲ್ಲಿ 25%. ಅದಾದ ಹನ್ನೊಂದೇ ದಿನಕ್ಕೆ, ಜೂನ್ 16ಕ್ಕೆ, ಡೆಕ್ಸಾಮೆಥಾಸೋನ್ ಸುದ್ದಿ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು 41.4%ನಿಂದ 29.3%ಗೆ ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಿಗೆ ಮಾತ್ರ ಯಾವ ಲಾಭವೂ ಕಾಣಲಿಲ್ಲ. ಕೆಲವೇ ರೂಪಾಯಿಯ ಸ್ಟೀರಾಯ್ಡ್. ನಮ್ಮ ಆರೋಗ್ಯ ಸಚಿವಾಲಯವೂ ಅದೇ ತಿಂಗಳು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಿತು. ಹಳೇ ಪದ್ಧತಿಯಲ್ಲಿ ಒಂದೊಂದು ಔಷಧಕ್ಕೂ ಬೇರೆ ಬೇರೆ ಟ್ರಯಲ್, ಬೇರೆ ಬೇರೆ ಅನುಮತಿ ಅಂತ ಓಡಾಡಿದ್ದರೆ ಮೂರು ತಿಂಗಳಲ್ಲಿ ಇದು ಆಗುತ್ತಿತ್ತಾ?

ಇಲ್ಲಿ ಒಂದು ಎಚ್ಚರ ಬೇಕು. ಹೊಸ ಔಷಧ ಮಧ್ಯದಲ್ಲಿ ಸೇರಿದಾಗ ಅದನ್ನು ಅದೇ ಕಾಲದಲ್ಲಿ ಸೇರಿದ ಹೋಲಿಕೆ ರೋಗಿಗಳ ಜೊತೆ ಮಾತ್ರ ತೂಗಬೇಕು. ಮಾರ್ಚ್‌ನ ರೋಗಿಯೂ ಡಿಸೆಂಬರ್‌ನ ರೋಗಿಯೂ ಒಂದೇ ಅಲ್ಲ. ವೈರಸ್ ಬದಲಾಗಿರುತ್ತದೆ, ನರ್ಸ್‌ಗಳ ಕೈ ಪಳಗಿರುತ್ತದೆ. ಹಳಬರನ್ನು ತಂದು ಹೋಲಿಸಿದರೆ ಹೊಸ ಔಷಧಕ್ಕೆ ಪುಕ್ಕಟೆ ಅಂಕ ಸಿಗುತ್ತದೆ.

'ಇದು ಗೆಲ್ಲುವುದಿಲ್ಲ, ನಿಲ್ಲಿಸಿ' ಅನ್ನುವ ತೀರ್ಮಾನವೂ ಕೈಕೊಡಬಹುದು. ಮರೆವಿನ ಕಾಯಿಲೆ ಅಲ್ಜೈಮರ್‌ಗೆ ಬಯೋಜೆನ್ ಕಂಪನಿಯ ಅಡುಕಾನುಮ್ಯಾಬ್ ಅನ್ನುವ ಔಷಧ. ಒಂದೇ ಥರದ ಎರಡು ಟ್ರಯಲ್ ಒಟ್ಟಿಗೆ. 2019ರ ಮಾರ್ಚ್‌ನಲ್ಲಿ ಮಧ್ಯದ ಲೆಕ್ಕ ನೋಡಿ ಎರಡನ್ನೂ ನಿಲ್ಲಿಸಿದರು. ಆ ಲೆಕ್ಕದೊಳಗೆ ಎರಡೂ ಟ್ರಯಲ್ ಒಂದೇ ದಾರಿಯಲ್ಲಿ ಹೋಗುತ್ತವೆ ಅನ್ನುವ ಊಹೆ ಇತ್ತು. ನಿಲ್ಲಿಸಿದ ಮೇಲೆ ಪೂರ್ತಿ ಡೇಟಾ ಕೂಡಿಸಿದರೆ, ಒಂದರಲ್ಲಿ ಲಾಭ ಇದ್ದ ಹಾಗೆ, ಇನ್ನೊಂದರಲ್ಲಿ ಇಲ್ಲದ ಹಾಗೆ! ಅಕ್ಟೋಬರ್‌ನಲ್ಲಿ ಕಂಪನಿ ಮಾತು ಬದಲಿಸಿತು. ಸಲಹಾ ಸಮಿತಿ ಒಪ್ಪದಿದ್ದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಅನುಮತಿ ಕೊಟ್ಟಿತು, ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. 2024ರ ಜನವರಿಯಲ್ಲಿ ಕಂಪನಿಯೇ ಔಷಧ ಕೈಬಿಡುವುದಾಗಿ ಹೇಳಿತು. ಔಷಧ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಆ ಎರಡು ಟ್ರಯಲ್‌ಗಳನ್ನು ಕೊನೆ ತನಕ ಓಡಿಸಿದ್ದರೆ ಈ ಗೊಂದಲದ ಅರ್ಧ ಭಾಗ ಇರುತ್ತಿರಲಿಲ್ಲ.

ಬೇಗ ನಿಂತ ಟ್ರಯಲ್‌ಗಳ ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಲಾಭ ಕಂಡ ಕ್ಷಣದಲ್ಲಿ ನಿಲ್ಲಿಸಿದ್ದು ಅಂದರೆ, ಅಂಕಿ ಉಬ್ಬಿದ್ದ ಕ್ಷಣದಲ್ಲೇ ಫೋಟೋ ತೆಗೆದ ಹಾಗೆ. ಪಿ-ವ್ಯಾಲ್ಯೂವನ್ನು ಮೇಲೆ ಹೇಳಿದ ಗೆರೆಗಳು ಕಾಯುತ್ತವೆ. ಲಾಭದ ಗಾತ್ರ ತಾನಾಗಿ ಸರಿಹೋಗುವುದಿಲ್ಲ, ಅದಕ್ಕೆ ಬೇರೆ ತಿದ್ದುಪಡಿ ಬೇಕು.

ಇನ್ನು, ಮುಚ್ಚಳ ತೆಗೆದು ನೋಡುವವರು ಯಾರು? ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಕಂಪನಿಯವರು ನೋಡುವಂತಿಲ್ಲ, ಚಿಕಿತ್ಸೆ ಕೊಡುವ ಡಾಕ್ಟರೂ ನೋಡುವಂತಿಲ್ಲ. ಡಿಎಸ್‌ಎಂಬಿ ಅನ್ನುವ ಸ್ವತಂತ್ರ ನಿಗಾ ಸಮಿತಿ ಇರುತ್ತದೆ. ಅದಕ್ಕೆ ಲೆಕ್ಕ ತಯಾರಿಸಿ ಕೊಡುವ ಸಂಖ್ಯಾಶಾಸ್ತ್ರಜ್ಞನೂ ಬೇರೆಯವನೇ. ಆ ಕೆಲಸ ನಾನು ವರ್ಷಗಟ್ಟಲೆ ಮಾಡಿದ್ದೇನೆ. ಮೊದಲು ತೆರೆದ ಸಭೆ, ಎಲ್ಲರೂ ಇರುತ್ತಾರೆ. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಅಷ್ಟೇ ಮಾತು. ಆಮೇಲೆ ಕಂಪನಿಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತೇವೆ. ಆಗ ಗುಂಪುವಾರು ಸಾವಿನ ಲೆಕ್ಕ ಮೇಜಿಗೆ ಬರುತ್ತದೆ. ಸಭೆ ಮುಗಿದ ಮೇಲೆ ಹಾಳೆಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇವೆ.

ಒಂದು ಸಲ ಹೀಗೆ ಹೊರಗೆ ಬಂದಾಗ, ಕಾಫಿ ಮೇಜಿನ ಹತ್ತಿರ ಪ್ರಾಯೋಜಕ ಕಂಪನಿಯ ಒಬ್ಬರು ನಗುತ್ತಾ ಕೇಳಿದರು: "ಏನ್ ಸಾರ್, ನಿಮ್ಮ ಮುಖ ನೋಡಿದರೆ ಒಳ್ಳೇ ಸುದ್ದಿ ಇರೋ ಹಾಗಿದೆ?" ನಾನು ವಡೆ ಚೆನ್ನಾಗಿದೆ ಅಂದೆ. ತಮಾಷೆ ಅನ್ನಿಸಬಹುದು. ಆದರೆ ನಾನು ಅವತ್ತು ಹುಬ್ಬು ಏರಿಸಿದ್ದರೂ ಸಾಕಿತ್ತು, ಮುಂದಿನ ತಿಂಗಳಿಂದ ಯಾವ ಥರದ ರೋಗಿಗಳನ್ನು ಸೇರಿಸುತ್ತಾರೆ ಅನ್ನುವುದು ಅವರಿಗೇ ಗೊತ್ತಿಲ್ಲದೆ ಬದಲಾಗುತ್ತಿತ್ತು. ಇನ್ನೊಂದು ಟ್ರಯಲ್‌ನಲ್ಲಿ ಗುಂಪುವಾರು ಪಟ್ಟಿಯೊಂದು ತಪ್ಪು ಮೇಲ್ ವಿಳಾಸಕ್ಕೆ ಹೋಗಿಬಿಟ್ಟಿತ್ತು. ಅದನ್ನು ತೆರೆದವರನ್ನು ಟ್ರಯಲ್ ಕೆಲಸದಿಂದಲೇ ದೂರ ಇಡಬೇಕಾಯಿತು. ಯಾರೂ ಬೇಕಂತ ಮಾಡಿದ್ದಲ್ಲ.

ಅಡಾಪ್ಟಿವ್ ಟ್ರಯಲ್‌ನಲ್ಲಿ ಈ ಸೋರಿಕೆ ಇನ್ನೂ ಸೂಕ್ಷ್ಮ. ಬದಲಾವಣೆಯೇ ಬಾಯಿ ಬಿಡುತ್ತದೆ. ರಕ್ತದ ಕ್ಯಾನ್ಸರ್‌ಗೆ ವೊಸರಾಕ್ಸಿನ್ ಔಷಧದ ವ್ಯಾಲರ್ ಟ್ರಯಲ್‌ನಲ್ಲಿ, ಮಧ್ಯದ ಫಲಿತಾಂಶ 'ಆಶಾದಾಯಕ' ವಲಯದಲ್ಲಿದ್ದರೆ 225 ರೋಗಿಗಳನ್ನು ಹೆಚ್ಚು ಸೇರಿಸಬೇಕು ಅಂತ ಮೊದಲೇ ಬರೆದಿತ್ತು. ಸೇರಿಸಿದರು. ಅಂದ ಮೇಲೆ ಫಲಿತಾಂಶ ಆ ವಲಯದಲ್ಲಿದೆ ಅಂತ ಲೆಕ್ಕ ಬಲ್ಲ ಯಾರಿಗಾದರೂ ಗೊತ್ತಾಗುವುದಿಲ್ವಾ? ಅಂದಹಾಗೆ 711 ಜನ ಸೇರಿದ ಮೇಲೂ ಮುಖ್ಯ ಪರೀಕ್ಷೆಯ ಪಿ-ವ್ಯಾಲ್ಯೂ 0.061ಕ್ಕೆ ನಿಂತಿತು. ಆಶಾದಾಯಕ ಅನ್ನುವುದು ಭರವಸೆ ಅಲ್ಲ.

ಸರಿ, ಫಾರ್ಮ್‌ಗೆ ಬರೋಣ. ಅದರಲ್ಲಿ ಸಿಟಿಆರ್‌ಐ ನೋಂದಣಿ ಸಂಖ್ಯೆ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಭಾರತದಲ್ಲಿ ನಡೆಯುವ ಟ್ರಯಲ್‌ಗಳ ಆ ಪಟ್ಟಿಯನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ಎಷ್ಟು ರೋಗಿಗಳು, ಯಾವ ಫಲಿತಾಂಶ ಅಳೆಯುತ್ತಾರೆ ಅನ್ನುವುದು ಅಲ್ಲಿ ಸಿಗುತ್ತದೆ. ಫಾರ್ಮ್‌ಗೂ ಅದಕ್ಕೂ ತಾಳೆ ಹಾಕಿ. ಆಮೇಲೆ ಡಾಕ್ಟರನ್ನು ಕೇಳಿ: ಯಾವ ಬದಲಾವಣೆಗಳು ಆಗಬಹುದು ಅನ್ನುವುದು ಪ್ರೋಟೋಕಾಲ್‌ನಲ್ಲಿ ಈಗಾಗಲೇ ಬರೆದಿದೆಯಾ, ಅಥವಾ ಮುಂದೆ ನೋಡಿಕೊಳ್ಳುತ್ತೀರಾ? ಸ್ವತಂತ್ರ ನಿಗಾ ಸಮಿತಿ ಇದೆಯಾ? 'ಮುಂದೆ ನೋಡೋಣ' ಅನ್ನುವ ಉತ್ತರ ಬಂದರೆ ನಿಮ್ಮ ಮೊದಲಿನ ಅನುಮಾನ ಸರಿ.

ಡಾಕ್ಟರು 'ಚೆನ್ನಾಗಿ ಕೆಲಸ ಮಾಡುವ ಔಷಧ ನಿಮಗೆ ಸಿಗುವ ಸಾಧ್ಯತೆ ಜಾಸ್ತಿ' ಅಂತ ಹೇಳಬಹುದು. ಅದು ಅರ್ಧ ನಿಜ. ಮೊದಮೊದಲು ಸೇರಿದವರಿಗೆ ಅದು ಅನ್ವಯಿಸುವುದಿಲ್ಲ, ಯಾಕೆಂದರೆ ಆಗ ಯಾವುದು ಚೆನ್ನ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಇದನ್ನೂ ಕೇಳಿ: ಇಷ್ಟರವರೆಗೆ ಎಷ್ಟು ಜನ ಸೇರಿದ್ದಾರೆ?

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅತ್ತಿಗೆಯವರ ಬಾಯಿಂದಲೇ ಕೇಳಿಸಿ. "ನಾನಿರೋ ಗುಂಪನ್ನ ಮಧ್ಯದಲ್ಲಿ ನಿಲ್ಲಿಸಿದ್ರೆ, ಮಾರನೇ ದಿನ ನನಗೆ ಯಾವ ಚಿಕಿತ್ಸೆ ಕೊಡ್ತೀರಿ? ಖರ್ಚು ಯಾರದ್ದು?" ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಮಾತು 2019ರ ನಮ್ಮ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ಆದರೆ ಗುಂಪು ನಿಂತ ಮೇಲಿನ ಮಾಮೂಲಿ ಚಿಕಿತ್ಸೆಯ ಬಗ್ಗೆ ಫಾರ್ಮ್‌ನಲ್ಲೇ ಸ್ಪಷ್ಟವಾಗಿ ಇರಬೇಕು, ಅದೂ ಕನ್ನಡದಲ್ಲಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಅವತ್ತೇ ಸಹಿ ಹಾಕಬೇಕು ಅಂತೇನಿಲ್ಲ. ಫಾರ್ಮ್ ಮನೆಗೆ ತನ್ನಿ, ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಓದಿ. ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದುಕೊಂಡು ಮಾರನೇ ದಿನ ಮತ್ತೆ ಹೋಗಿ.